ಮೂರೆಳೆ ದಾರದ ಕಟ್ಟು

"ಎಂಟನೇ ಕ್ಲಾಸು ದಾಟದವನು ನೀನು. ಗರಿ ತಿರುಗಿಸೋಕೆ ಅಂತ ನಿನ್ನ ಬೆರಳು ಬಾಡಿಗೆಗೆ ತಗೊಂಡಿದೀವಿ. ಬಾಯಿ ತಗೊಂಡಿಲ್ಲ."

ನಮ್ಮ ಕೇಂದ್ರದ ಮುಖ್ಯಸ್ಥರಾದ ಪಾಕ್ ಸುವಾರ್ದಿಕಾ ಇದನ್ನು ಹೇಳಿದ್ದು ಸೋಮವಾರದ ಸಭೆಯಲ್ಲಿ, ಒಂಬತ್ತು ಜನರೆದುರು. ಇಬ್ಬರು ನಕ್ಕರು. ಒಬ್ಬ ತನ್ನ ಕಾಫಿ ಲೋಟದಲ್ಲಿ ಏನೋ ಬಿದ್ದಿದೆ ಎಂಬಂತೆ ಅದನ್ನೇ ನೋಡತೊಡಗಿದ. ಪಟ್ಟಿ ಬರೆಯುವ ದಾಯು ನನ್ನ ಕಡೆ ಒಮ್ಮೆ ನೋಡಿ ಕಣ್ಣು ಕೆಳಗೆ ಹಾಕಿದಳು. ನಾನು ಕೇಳಿದ್ದಾದರೂ ಏನು? ಮೂವತ್ತೇಳನೇ ಪೆಟ್ಟಿಗೆಯ ಹನ್ನೊಂದನೇ ಕಟ್ಟಿನ ಚಿತ್ರಗಳನ್ನು ಜಾಲತಾಣದಿಂದ ಇಳಿಸಿ ಎಂದು. ಅದು ನಮ್ಮ ಮನೆಯ ಪೆಟ್ಟಿಗೆ. ಆ ಕಟ್ಟನ್ನು ಬಿಚ್ಚಬಾರದಿತ್ತು.

ನಮ್ಮ ಕೇಂದ್ರ ಇರುವುದು ಅಮ್ಲಾಪುರದ ಸಂತೆಬೀದಿಯಲ್ಲಿ, ಟೈರಿನ ಅಂಗಡಿಯ ಮೇಲೆ. ಕೆಳಗೆ ರಬ್ಬರಿನ ವಾಸನೆ, ಮೇಲೆ ನಿಂಬೆಹುಲ್ಲಿನ ಎಣ್ಣೆಯ ವಾಸನೆ. ನಮ್ಮ ದ್ವೀಪದ ಕರಂಗಾಸೆಮ್ ಸೀಮೆಯ ಮನೆಗಳಲ್ಲಿರುವ ತಾಳೆಗರಿ ಕಟ್ಟುಗಳನ್ನು ತಂದು, ಒರೆಸಿ, ಫೋಟೋ ತೆಗೆದು, ಲೋಕವೆಲ್ಲ ನೋಡುವಂತೆ ಜಾಲತಾಣಕ್ಕೆ ಏರಿಸುವುದು ನಮ್ಮ ಕೆಲಸ. ಹಣ ಬರುವುದು ಹಿಮ ಬೀಳುವ ಯಾವುದೋ ದೇಶದಿಂದ. ಯೋಜನೆ ಗೋಡೆಯ ಮೇಲೆಯೇ ಇದೆ: ಎರಡು ವರ್ಷ, ನಾನೂರು ಕಟ್ಟು, ಕಟ್ಟಿಗೊಂದು ಚೌಕ. ಏರಿಸಿ ಮುಗಿದ ಚೌಕಕ್ಕೆ ಹಸಿರು ಬಣ್ಣ. ಪಾಕ್ ಸುವಾರ್ದಿಕಾ ಬೆಳಿಗ್ಗೆ ಬಂದವರು ಮೊದಲು ಆ ಚೌಕಗಳನ್ನು ನೋಡುತ್ತಾರೆ, ನಮ್ಮ ಮುಖ ಆಮೇಲೆ.

ನಾನಿರುವುದು ಕ್ಯಾಮೆರಾದ ಕೆಳಗೆ. ಕಪ್ಪು ಬಟ್ಟೆಯ ಮೇಲೆ ನಾಲ್ಕು ಗರಿ ಜೋಡಿಸು, ಪಕ್ಕದಲ್ಲಿ ಅಳತೆಪಟ್ಟಿ ಇಡು, ಕ್ಲಿಕ್ಕಿಸು, ನಾಲ್ಕನ್ನೂ ಮಗುಚು, ಮತ್ತೆ ಕ್ಲಿಕ್ಕಿಸು. ಗರಿಯ ಸಂಖ್ಯೆಯನ್ನು ಹಿಂಬದಿಯ ಎಡ ಅಂಚಿನಲ್ಲಿ ಕೊರೆದಿರುತ್ತಾರೆ. ಅದನ್ನು ಓದಲು ಬಾರದವನು ಕೂತರೆ ಐದರ ನಂತರ ಇಪ್ಪತ್ತು ಬರುತ್ತದೆ. ಆ ಇಡೀ ಮಹಡಿಯಲ್ಲಿ ತಡವರಿಸದೆ ಓದಬಲ್ಲವನು ನಾನೊಬ್ಬನೇ. ಪದವಿ ಇದ್ದವರು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾರೆ, ಸಂಶಯ ಬಂದರೆ ನನ್ನ ಮೇಜಿಗೆ ಬರುತ್ತಾರೆ, ಬಂದದ್ದನ್ನು ಯಾರಿಗೂ ಹೇಳುವುದಿಲ್ಲ.

ಕಲಿಸಿದವರು ಪೆಕಾಕ್ ರುಂಡುಂಗ್, ನನ್ನ ಅಪ್ಪನ ಅಪ್ಪ. ಶಾಲೆಯಲ್ಲಿ ಮೇಷ್ಟ್ರು ನನ್ನ ಅಪ್ಪನನ್ನು ಕಲ್ಲು ಹೊರುವ ಎಮ್ಮೆ ಎಂದ ದಿನ ಅವರ ಮರದ ಅಳತೆಪಟ್ಟಿಯನ್ನು ಕಿತ್ತುಕೊಂಡು ಮುರಿದು ಮನೆಗೆ ಬಂದಿದ್ದೆ. ಪೆಕಾಕ್ ಬೈಯಲಿಲ್ಲ. "ಅಲ್ಲಿ ಕೂರೋಕಾಗಲ್ಲ ಅಂದ್ರೆ ಇಲ್ಲಿ ಕೂರು" ಎಂದು ಪಕ್ಕದ ಚಾಪೆ ತೋರಿಸಿದರು. ಏಳು ವರ್ಷ ಕೂತೆ. ತಮ್ಮ ನಂತರ ಪೆಟ್ಟಿಗೆಯನ್ನು ನೋಡಿಕೊಳ್ಳುವವನು ನಾನೇ ಎಂದು ಇಡೀ ಕುಲಕ್ಕೆ ಹೇಳಿದ್ದರು. ಬರುವ ಸರಸ್ವತಿ ದಿನದಂದು ಪೂಜಾರಿ ನನ್ನ ತಲೆಯ ಮೇಲೆ ಮಂತ್ರದ ನೀರು ಹಾಕಬೇಕಿತ್ತು. ಶಾಲೆ ಬಿಟ್ಟವನು ಎಂಬ ಹೆಸರಿನ ಮೇಲೆ ಬೇರೊಂದು ಹೆಸರು ಬೀಳುವುದು ನನಗೆ ಜೀವನದಲ್ಲಿ ಅದೊಂದೇ ಜಾಗದಲ್ಲಿ.

ಪೆಟ್ಟಿಗೆಯನ್ನು ಕೇಂದ್ರಕ್ಕೆ ತಂದವನೂ ನಾನೇ, ಎಂಟು ತಿಂಗಳ ಹಿಂದೆ. ಆಗ ಚೌಕಗಳು ತುಂಬುತ್ತಿರಲಿಲ್ಲ. ಜನ ತಮ್ಮ ಕಟ್ಟುಗಳನ್ನು ಕೊಡಲು ಹೆದರುತ್ತಿದ್ದರು. "ನಿಮ್ಮನೇಲೂ ಇದೆಯಂತಲ್ಲ ನೆಂಗಾ" ಎಂದು ಪಾಕ್ ಸುವಾರ್ದಿಕಾ ನನ್ನ ಹೆಗಲ ಮೇಲೆ ಕೈ ಹಾಕಿದರು. ಆ ಕೈಗೆ ನಾನು ಉಬ್ಬಿಹೋದೆ. ಈಗ ನೆನೆದರೆ ಹೆಗಲು ಉರಿಯುತ್ತದೆ.

ಪೆಕಾಕ್ ಒಪ್ಪಲು ಮೂರು ವಾರ ಬೇಕಾಯಿತು. ಒಪ್ಪಿದ್ದೂ ಒಂದು ಷರತ್ತಿನ ಮೇಲೆ. ಪೆಟ್ಟಿಗೆಯಲ್ಲಿರುವುದು ಹನ್ನೊಂದು ಕಟ್ಟು. ಹತ್ತನ್ನು ಬಿಚ್ಚಬಹುದು. ಕೆಂಪು, ಬಿಳಿ, ಕಪ್ಪು ಮೂರೆಳೆ ದಾರ ಸುತ್ತಿರುವ ಹನ್ನೊಂದನೆಯದನ್ನು ಬಿಚ್ಚುವಂತಿಲ್ಲ. ತಲೆಯ ಮೇಲೆ ನೀರು ಬಿದ್ದವನು ಮಾತ್ರ ಅದನ್ನು ಮುಟ್ಟಬೇಕು.

"ಹಂಗಾದ್ರೆ ಅದೊಂದನ್ನ ಮನೇಲೇ ಇಟ್ಕೊಳ್ಳಿ" ಎಂದೆ.

"ಹತ್ತು ಜನ ಮದುವೆ ಊಟಕ್ಕೆ ಹೊರಟಾಗ ಒಬ್ಬನ್ನ ಒಳಗೆ ಹಾಕಿ ಬೀಗ ಹಾಕ್ತೀಯೇನು?" ಎಂದರು.

ಪೆಟ್ಟಿಗೆ ಹೋದರೆ ಇಡಿಯಾಗಿ ಹೋಗಬೇಕು, ಬಂದರೆ ಇಡಿಯಾಗಿ ಬರಬೇಕು. ನಮ್ಮಲ್ಲಿ ಯಾರ ಮನೆಯ ಪೆಟ್ಟಿಗೆಯಾದರೂ ಹಾಗೆಯೇ. ಅವತ್ತು ಪಿಕಪ್ ಗಾಡಿಯ ಹಿಂಭಾಗದಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ನನ್ನ ತಾಯಿ ಅದರ ಮೇಲೆ ಬಿಳಿ ಛತ್ರಿ ಹಿಡಿದಿದ್ದಳು, ನನ್ನ ತಲೆ ಬಿಸಿಲಲ್ಲಿತ್ತು.

ಕೇಂದ್ರದಲ್ಲಿ ಕಟ್ಟಿಗೊಂದರಂತೆ ಒಪ್ಪಿಗೆ ಪತ್ರ ತುಂಬಬೇಕು. ಹನ್ನೊಂದು ಕಟ್ಟಿಗೆ ಹನ್ನೊಂದು ಪತ್ರ. ನನಗೆ ಅದು ಹುಚ್ಚುತನವಾಗಿ ಕಂಡಿತು. ಒಂದು ಪೆಟ್ಟಿಗೆಯನ್ನು ಹನ್ನೊಂದಾಗಿ ಒಡೆದು ಬರೆಯುವುದು ಹೇಗೆ? ಒಂದೇ ಪತ್ರ ತುಂಬಿದೆ: ಒಂದು ಪೆಟ್ಟಿಗೆ, ಒಳಗೆ ಹನ್ನೊಂದು. 'ಮಾಲೀಕರ ಸಹಿ' ಎಂಬಲ್ಲಿ ನನ್ನ ಹೆಸರು ಗೀಚಿದೆ, ಪೆಕಾಕ್‌ಗೆ ಪತ್ರದ ರೋಮನ್ ಲಿಪಿ ಬಾರದು. ಕ್ಯಾಮೆರಾದ ಕೆಳಗೆ ಕೂರುವವನು ನಾನೇ ತಾನೇ ಎಂದು ದಾರದ ವಿಷಯವನ್ನು ಯಾರಿಗೂ ಹೇಳಲಿಲ್ಲ, ಎಲ್ಲೂ ಬರೆಯಲಿಲ್ಲ. ಅಂಥದ್ದನ್ನು ನಾವು ಬರೆಯುವುದಿಲ್ಲ. ದೊಡ್ಡವರು ಹೇಳಿದರು, ಚಿಕ್ಕವರು ಕೇಳಿದರು, ಅಲ್ಲಿಗಾಯಿತು.

ಹತ್ತು ಕಟ್ಟು ಮುಗಿಸಿದ ದಿನವೇ ನಮ್ಮ ಕೇರಿಯಲ್ಲಿ ಸಾವಾಯಿತು. ಕೇರಿಯಲ್ಲಿ ದಹನವಿದ್ದರೆ ಗಂಡಸಾದವನು ಹೋಗಲೇಬೇಕು. ನಾಲ್ಕು ದಿನ ಬಿದಿರು ಸೀಳುತ್ತ ಕೂತಿದ್ದೆ. ಆ ನಾಲ್ಕು ದಿನ ದಾಯು ನನ್ನ ಮೇಜಿನಲ್ಲಿ ಕೂತಳು. ಪಟ್ಟಿಯಲ್ಲಿ ಹನ್ನೊಂದಿತ್ತು, ಚಿತ್ರಗಳು ಹತ್ತರವಿದ್ದವು, ಒಪ್ಪಿಗೆ ಪತ್ರ ಸರಿಯಿತ್ತು. ನನಗೊಂದು ಉಪಕಾರವಾಗಲಿ ಎಂದು ಹನ್ನೊಂದನೆಯದನ್ನೂ ಮುಗಿಸಿದಳು. ದಾರವನ್ನು ಎಷ್ಟು ಚೆನ್ನಾಗಿ ತಿರುಗಿ ಸುತ್ತಿದ್ದಳೆಂದರೆ ಪೆಟ್ಟಿಗೆ ಮನೆಗೆ ಬಂದಾಗ ಪೆಕಾಕ್ ಕಣ್ಣಿಗೂ ಗೊತ್ತಾಗಲಿಲ್ಲ.

ಪತ್ತೆ ಮಾಡಿದವನು ಗೆಡೆ, ನನ್ನ ದೊಡ್ಡಪ್ಪನ ಮಗ. ಪಡಂಗ್‌ಬಾಯಿ ಬಂದರಿನಲ್ಲಿ ದೋಣಿಯ ಟಿಕೆಟ್ ಮಾರುತ್ತಾನೆ, ದೋಣಿ ಇಲ್ಲದಾಗ ಫೋನ್ ಉಜ್ಜುತ್ತಾನೆ. ಅವನಿಗೆ ತಾಳೆಗರಿಯ ಒಂದಕ್ಷರವೂ ಬಾರದು. ಆದರೆ ಆ ಕಟ್ಟಿನ ಮೇಲುಹೊದಿಕೆಯಾದ ಮೂಲೆ ಸುಟ್ಟ ಮರದ ಹಲಗೆಯನ್ನು ಚಿಕ್ಕಂದಿನಿಂದ ನೋಡಿದ್ದಾನೆ. ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಎಲ್ಲರೂ ಇರುವಾಗ ಫೋನನ್ನು ಪೆಕಾಕ್ ಮುಂದೆ ಹಿಡಿದ.

"ನೋಡಿ ಪೆಕಾಕ್. ನಮ್ಮ ಪಂಡಿತ ಮನೆ ದೇವರನ್ನ ಅಂಗಡಿ ಮುಂದೆ ತೂಗು ಹಾಕಿದಾನೆ."

"ನಾನು ತೆಗೆದಿದ್ದಲ್ಲ ಬ್ಲಿ" ಎಂದೆ. ನನಗಿಂತ ಮೂರು ವರ್ಷಕ್ಕೆ ದೊಡ್ಡವನು, ಹಲ್ಲು ಕಚ್ಚಿಕೊಂಡಾದರೂ ಬ್ಲಿ, ಅಣ್ಣ, ಎನ್ನಬೇಕು.

"ಪೆಟ್ಟಿಗೆ ಕೊಡೋವಾಗ ಹಾಕಿದ ಸಹಿ ಯಾರ್ದು ಮತ್ತೆ, ನಮ್ಮನೆ ಹುಂಜದ್ದಾ?"

ಪೆಕಾಕ್ ಫೋನನ್ನು ಕೈಯಲ್ಲಿ ಹಿಡಿಯಲಿಲ್ಲ. ದೂರದಿಂದ ಒಮ್ಮೆ ನೋಡಿ ಮುಖ ತಿರುಗಿಸಿದರು. "ಶನಿವಾರ ಸರಸ್ವತಿ ದಿನ. ಅಷ್ಟರೊಳಗೆ ಇಳಿಸು. ಇಳಿಸಿದ್ರೆ ನೀರು ನಿನ್ನ ತಲೆ ಮೇಲೆ. ಇಲ್ದಿದ್ರೆ ಗೆಡೆ ತಲೆ ಮೇಲೆ" ಎಂದರು.

"ಅವನಿಗೆ ಓದೋಕೇ ಬರಲ್ಲ ಪೆಕಾಕ್."

"ಓದೋಕೆ ಬರದೋನು ಬಿಚ್ಚಲ್ಲ. ನಂಗೀಗ ಅಷ್ಟೇ ಸಾಕು."

ಹೀಗಾಗಿಯೇ ಸೋಮವಾರ ಸಭೆಯಲ್ಲಿ ಬಾಯಿ ತೆರೆದದ್ದು. ಬೈಗುಳ ತಿಂದ ಮೇಲೆ ಎಲ್ಲರೂ ಎದ್ದು ಹೋಗುವತನಕ ನಿಂತಿದ್ದು ಮತ್ತೆ ಕೇಳಿದೆ. ಪಾಕ್ ಸುವಾರ್ದಿಕಾ ಈಗ ಮೆತ್ತಗಾಗಿದ್ದರು. ಜನರಿಲ್ಲದಾಗ ಅವರು ಯಾವಾಗಲೂ ಮೆತ್ತಗೆ.

"ನೋಡಪ್ಪಾ, ನಿಯಮ ಇದೆ. ಮಾಲೀಕರು ಬರೆದು ಕೊಟ್ರೆ ಇಳಿಸಬಹುದು. ಒಂದು ಅರ್ಜಿ, ಒಂದು ಸಹಿ. ತಗೊಂಡು ಬಾ."

ಇಷ್ಟೇನಾ ಎನಿಸಿತು. ಅರ್ಜಿಯನ್ನು ದಾಯು ಟೈಪ್ ಮಾಡಿಕೊಟ್ಟಳು. ಅವಳ ಮುಖ ಬಾಡಿತ್ತು. "ನಮ್ಮನೇಲಿ ಎಲ್ಲಾ ಕಟ್ಟಿಗೂ ಮೂರೆಳೆ ದಾರಾನೇ ಸುತ್ತೋದು ಬ್ಲಿ. ಹೂವಿಟ್ಟು ಕೇಳ್ಕೊಂಡೇ ಬಿಚ್ಚಿದ್ದು" ಎಂದಳು. ಬೈಯಬೇಕೆಂದು ಬಾಯಿವರೆಗೆ ಬಂದದ್ದನ್ನು ನುಂಗಿದೆ. ಅವಳ ಪಟ್ಟಿ ಸರಿಯಿತ್ತು. ತಪ್ಪಿದ್ದುದು ನನ್ನ ಪತ್ರ.

ಸಂಜೆ ಪೆಕಾಕ್ ಹುಂಜಕ್ಕೆ ಜೋಳ ಹಾಕುತ್ತಿದ್ದರು. ಅರ್ಜಿಯನ್ನು ಓದಿ ಹೇಳಿದೆ.

"ಮಾಲೀಕ ಅಂದ್ರೆ ಯಾರು?"

"ಪೆಟ್ಟಿಗೆ ಯಾರದ್ದೋ ಅವರು. ನೀವು."

"ಅದು ನನ್ನದು ಅಂತ ಯಾರು ಹೇಳಿದ್ರು ನಿಂಗೆ?"

"ಮತ್ತೆ ಯಾರದ್ದು?"

"ಯಾರದ್ದೂ ಅಲ್ಲ. ನಾನು ಅದರ ಮುಂದೆ ಕಸ ಗುಡಿಸೋನು. ನಮ್ಮಪ್ಪನೂ ಗುಡಿಸಿದ, ಅವರಪ್ಪನೂ ಗುಡಿಸಿದ."

"ಪೆಕಾಕ್, ಒಂದು ಸಹಿ. ಸುಳ್ಳಾದ್ರೂ ಹಾಕಿ. ಇಳಿದು ಹೋಗುತ್ತೆ."

"ಅದು ನನ್ನದು ಅಂತ ಸಹಿ ಹಾಕಿದ ದಿನ ಅದು ಈ ಮನೇಲಿ ನಿಲ್ಲಲ್ಲ ಕಣೋ." ಜೋಳದ ಕೈಯನ್ನು ಪಂಚೆಗೆ ಒರೆಸಿಕೊಂಡರು. "ಗುಡಿಸೋನು ಅಂತ ಬರಿ. ಹಾಕ್ತೀನಿ."

ಬೇರೆ ದಾರಿಯಿರಲಿಲ್ಲ. 'ಮಾಲೀಕ' ಎಂಬುದನ್ನು ಹೊಡೆದು ಪಕ್ಕದಲ್ಲಿ 'ಗುಡಿಸುವವನು' ಎಂದು ಬರೆದೆ. ಪೆಕಾಕ್ ನಮ್ಮ ಲಿಪಿಯಲ್ಲಿ, ಗರಿ ಕೊರೆಯುವ ಹಾಗೆ ಒತ್ತಿ ಒತ್ತಿ, ತಮ್ಮ ಹೆಸರು ಬರೆದರು. ಕಾಗದ ಎರಡು ಕಡೆ ಹರಿಯಿತು.

ಬುಧವಾರ ಪಾಕ್ ಸುವಾರ್ದಿಕಾ ಅದನ್ನು ಇಡೀ ಮಹಡಿಗೆ ಕೇಳುವಂತೆ ಓದಿದರು. "ಕಸ ಗುಡಿಸೋರ ಅರ್ಜಿ ತಗೊಳ್ಳೋಕೆ ಇದೇನು ಪುರಸಭೆಯಾ?" ಈ ಸಲ ನಕ್ಕವರು ಇಬ್ಬರಿಗಿಂತ ಹೆಚ್ಚು. ಆಮೇಲೆ ನನ್ನನ್ನು ಒಳಗೆ ಕರೆದು ನನ್ನದೇ ಒಪ್ಪಿಗೆ ಪತ್ರವನ್ನು ಮೇಜಿನ ಮೇಲೆ ಹರಡಿದರು.

"ಇಲ್ಲಿ ಮಾಲೀಕ ಯಾರು? ನೆಂಗಾ ತಿರ್ಕಾ. ನೀನು. ಸರಿ, ನೀನೇ ಕೇಳು ಹಾಗಾದ್ರೆ. ಆದ್ರೆ ಇಲ್ಲಿ ಕೆಲಸ ಮಾಡೋರ ಮನೆ ಕಟ್ಟುಗಳನ್ನ ಯೋಜನೆಗೆ ಸೇರಿಸಬಾರದು ಅಂತ ಮೊದಲ ಪುಟದಲ್ಲೇ ಇದೆ. ಮಾಲೀಕ ನೀನೇ ಅಂತ ನಾನು ಹಣ ಕೊಡೋರಿಗೆ ಬರೆದ ದಿನ ತನಿಖೆಗೆ ಬರ್ತಾರೆ. ಗೋಡೆ ಮೇಲಿನ ಹಸಿರೆಲ್ಲ ಬಿಳಿ ಆಗುತ್ತೆ. ನಿನ್ನ ಕೆಲಸ ಹೋಗುತ್ತೆ, ಆ ಹುಡುಗಿ ಕೆಲಸಾನೂ ಹೋಗುತ್ತೆ, ಬಿಚ್ಚಿದ್ದು ಅವಳೇ ಅಲ್ವಾ? ಮಾಲೀಕ ನೀನಲ್ಲ ಅಂದ್ರೆ, ಇಳಿಸು ಅಂತ ಕೇಳೋಕೆ ನೀನ್ಯಾರು?"

"ತಗೊಂಡು ಬಾ ಅಂತ ಹೇಳಿದ್ದು ನೀವೇ, ಪಾಕ್."

"ಎಲ್ಲಿ ಬರೆದಿದೆ?"

ಅಷ್ಟೇ. ಎಲ್ಲಿ ಬರೆದಿದೆ. ನನ್ನ ಕೈ ಮೇಜಿನ ಮೇಲಿದ್ದ ಉಕ್ಕಿನ ಅಳತೆಪಟ್ಟಿಯ ಹತ್ತಿರ ಹೋಗಿತ್ತು. ಅದನ್ನು ಮುರಿಯಲು ಬರುವುದಿಲ್ಲ. ಎದ್ದು ಬಂದೆ.

ಗುರುವಾರ ಮಧ್ಯಾಹ್ನ ಎಲ್ಲರೂ ಅನ್ನದ ಪೊಟ್ಟಣ ತರಲು ಇಳಿದಾಗ ನಾನು ಊಟ ಬಿಟ್ಟು ಗಣಕಯಂತ್ರದ ಮುಂದೆ ಕೂತೆ. ಇಳಿಸುವುದಿಲ್ಲವಾದರೆ ಅಳಿಸುತ್ತೇನೆ. ಮೂವತ್ತೇಳು, ಹನ್ನೊಂದು, ಒಳಗೆ ಐವತ್ತೆರಡು ಚಿತ್ರ. ಸರಿಯಾದದ್ದೇ ಹೌದೇ ಎಂದು ನೋಡಲು ಒಂದನ್ನು ತೆರೆದೆ. ತೆರೆಯಬಾರದಿತ್ತು. ಓದಲು ಬರುವವನ ಕಣ್ಣು ಓದದೆ ಹಿಂದಿರುಗುವುದಿಲ್ಲ. ನಾನು ಮುಖ ತಿರುಗಿಸುವಷ್ಟರಲ್ಲಿ ಅರ್ಧ ಸಾಲು ಒಳಗೆ ಹೋಗಿತ್ತು. ಅದರಲ್ಲಿ ಏನಿತ್ತೆಂದು ಬರೆಯುವುದಿಲ್ಲ.

"ಅಳಿಸಿ ಪ್ರಯೋಜನ ಇಲ್ಲ ಬ್ಲಿ." ದಾಯು ಹಿಂದೆ ನಿಂತಿದ್ದಳು, ಕೈಯಲ್ಲಿ ಎರಡು ಪೊಟ್ಟಣ. "ಒಂದು ಪ್ರತಿ ಇಲ್ಲಿದೆ. ಇನ್ನೊಂದು ಜಕಾರ್ತದಲ್ಲಿ. ಮೂರನೆಯದು ಹಣ ಕೊಡೋರ ಹತ್ರ. ಒಂದು ಕಡೆ ಅಳಿಸಿದ್ರೆ ಮಿಕ್ಕ ಎರಡು ಕಡೆಯಿಂದ ತಾನೇ ತುಂಬ್ಕೊಳ್ಳುತ್ತೆ."

"ಮೂರು ಕಡೆನೂ ಅಳಿಸೋದು ಹೇಗೆ?"

"ಆಗಲ್ಲ. ಬೆಂಕಿ ಬಿದ್ರೂ ಉಳೀಬೇಕು, ಭೂಕಂಪ ಆದ್ರೂ ಉಳೀಬೇಕು ಅಂತ ಕಟ್ಟಿರೋದು ಇದನ್ನ. ಅಳಿಸೋಕೆ ಅಂತ ಯಾರೂ ಯೋಚನೆ ಮಾಡಿಲ್ಲ." ಒಂದು ಪೊಟ್ಟಣವನ್ನು ನನ್ನ ಮುಂದಿಟ್ಟಳು. "ಮತ್ತೆ... ನಲವತ್ತೊಂದು ಜನ ಆಗಲೇ ಚಿತ್ರಗಳನ್ನ ತಮ್ಮ ತಮ್ಮ ಫೋನಿಗೆ ಇಳಿಸ್ಕೊಂಡಿದಾರೆ. ಯಾರು ಅಂತ ಗೊತ್ತಾಗಲ್ಲ."

ಬಾಳೆಲೆ ಬಿಚ್ಚಿ ಅನ್ನವನ್ನು ನೋಡುತ್ತ ಕೂತೆ. ಇಲ್ಲಿಗೆ ಬಂದ ದಿನ ನನಗೂ ಹೇಳಿಕೊಟ್ಟಿದ್ದರು: ಗರಿಗೆ ಹುಳ ಹಿಡಿಯುತ್ತದೆ, ಗೆದ್ದಲು ತಿನ್ನುತ್ತದೆ, ಮನೆ ಸುಡುತ್ತದೆ, ಆದ್ದರಿಂದ ಏರಿಸಬೇಕು. ನಾನೇ ಹಳ್ಳಿಹಳ್ಳಿಗೆ ಹೋಗಿ ಮುದುಕರಿಗೆ ಅದನ್ನು ಗಿಳಿಯಂತೆ ಹೇಳಿದ್ದೆ. ಇಳಿಸುವ ದಾರಿ ಯಾವುದು ಎಂದು ಒಬ್ಬ ಮುದುಕನೂ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ.

ಶುಕ್ರವಾರ ಪಾಕ್ ಸುವಾರ್ದಿಕಾ ತಾವಾಗಿಯೇ ನನ್ನ ಮೇಜಿಗೆ ಬಂದರು. ಮುಂದಿನ ವಾರ ಅತಿಥಿಗಳು ಬರುವವರಿದ್ದರು, ಕೇಂದ್ರದಲ್ಲಿ ಗಲಾಟೆ ಅವರಿಗೆ ಬೇಕಿರಲಿಲ್ಲ. ಫೋನ್ ತೆರೆದು ತೋರಿಸಿದರು. ಮೂವತ್ತೇಳನೇ ಪೆಟ್ಟಿಗೆಯಲ್ಲಿ ಹತ್ತೇ ಕಟ್ಟು.

"ಹೋಯ್ತಾ ಪಾಕ್?"

"ಮುಚ್ಚಿದೀನಿ. ಗುಟ್ಟಿನ ಪದ ಗೊತ್ತಿರೋರಿಗೆ ಬಿಟ್ಟು ಬೇರೆ ಯಾರಿಗೂ ಕಾಣಲ್ಲ."

"ಅಂದ್ರೆ ಇದೆ."

"ಕಾಣದೆ ಇದ್ರೆ ಇಲ್ಲ ಅಂತಲೇ ಅರ್ಥ. ನಿಮ್ಮ ತಾತನಿಗೆ ಇಳೀತು ಅಂತ ಹೇಳು, ಅವರಿಗೂ ನೆಮ್ಮದಿ, ನಿನಗೂ ಕೆಲಸ." ಹೆಗಲ ಮೇಲೆ ಕೈ ಬಂತು. "ಒಂದು ಥ್ಯಾಂಕ್ಸ್ ಆದ್ರೂ ಹೇಳಪ್ಪ."

ಹೇಳಿದೆ. ಅದನ್ನೂ ಹೇಳಿದೆ.

ಶನಿವಾರ ಬೆಳಿಗ್ಗೆ ನಮ್ಮ ಕುಲದ ಗುಡಿಯ ಅಂಗಳದಲ್ಲಿ ನಲವತ್ತು ಜನ. ಪೆಟ್ಟಿಗೆ ಬಿಳಿ ಬಟ್ಟೆಯ ಮೇಲೆ ತೆರೆದಿತ್ತು, ಹನ್ನೊಂದೂ ಕಟ್ಟುಗಳ ಮೇಲೆ ಹೂವು, ಪಕ್ಕದ ತಟ್ಟೆಯಲ್ಲಿ ಹಲ್ಲಿಯಾಕಾರದ ಅಕ್ಕಿಹಿಟ್ಟಿನ ತಿಂಡಿ. ನಾನು ಬಿಳಿ ತಲೆವಸ್ತ್ರ ಕಟ್ಟಿ ಮುಂದೆ ಕೂತಿದ್ದೆ. ಪೂಜಾರಿ ನೀರಿನ ಪಾತ್ರೆಗೆ ಹೂವು ಅದ್ದಿ ಕಾಯುತ್ತಿದ್ದರು. ಹಿಂದಿನಿಂದ ನನ್ನ ತಾಯಿ ನನ್ನ ಅಂಗಿಯ ಸುಕ್ಕನ್ನು ಎಳೆದು ಸರಿ ಮಾಡುತ್ತಲೇ ಇದ್ದಳು.

ಗೆಡೆ ಫೋನ್ ತೆಗೆದ.

"ಇವತ್ತು ಮಧ್ಯಾಹ್ನದವರೆಗೆ ಯಾರೂ ಓದಬಾರದು, ಗೊತ್ತಿಲ್ವೇನೋ?" ಎಂದಳು ಒಬ್ಬ ಚಿಕ್ಕಮ್ಮ.

"ಹುಡುಕ್ತಿದೀನಿ ಚಿಕ್ಕಮ್ಮ, ಓದ್ತಿಲ್ಲ. ನಂಗೆ ಓದೋಕೆಲ್ಲಿ ಬರುತ್ತೆ?"

ಜನ ನಕ್ಕರು. ಅವನು ಬೆರಳಿಂದ ಮೇಲೆ ಕೆಳಗೆ ಉಜ್ಜಿದ, ಇನ್ನೊಮ್ಮೆ ಉಜ್ಜಿದ. ಅವನ ಮುಖದಲ್ಲಿ ಕುಹಕ ಕಾಣಬಹುದೆಂದು ನೋಡುತ್ತಿದ್ದೆ. ಕಾಣಲಿಲ್ಲ.

"ಇಲ್ಲ ಪೆಕಾಕ್. ಹತ್ತೇ ಇದೆ. ಇಳಿಸಿದಾನೆ." ನನ್ನ ಕಡೆ ತಿರುಗಿದ. "ಮೊನ್ನೆ ಹಂಗೆ ಅನ್ನಬಾರದಿತ್ತು ಕಣೋ. ನೀರು ನಿಂಗೇ ಬೀಳ್ಬೇಕಾದ್ದು."

ಅಂಗಳದ ತುಂಬ ಒಂದು ಉಸಿರು ಸಡಿಲವಾಯಿತು. ಪೂಜಾರಿ ಪಾತ್ರೆಯನ್ನು ಎತ್ತಿದರು. ಹೂವಿನ ತುದಿಯಿಂದ ಒಂದು ಹನಿ ನೆಲಕ್ಕೆ ಬಿತ್ತು.

"ತಾಳಿ" ಎಂದರು ಪೆಕಾಕ್. "ಗೆಡೆ ನೋಡಿದ್ದು ಫೋನನ್ನ. ಅವನು ಹೇಳಲಿ."

ನನ್ನೆದುರು ಬಂದು ಕೂತರು. ಸಿಟ್ಟಿರಲಿಲ್ಲ, ಪರೀಕ್ಷೆಯೂ ಇರಲಿಲ್ಲ. ಏಳು ವರ್ಷ ಚಾಪೆಯ ಮೇಲೆ, ನಾನು ಒಂದು ಸಾಲು ಓದಿ ಮುಗಿಸಲೆಂದು ಕಾಯುತ್ತಿದ್ದ ಅದೇ ಮುಖ.

"ನೆಂಗಾ. ಇಳೀತಾ?"

ಹೂಂ ಎಂದರೆ ನೀರು ಬೀಳುತ್ತದೆ. ನನ್ನನ್ನು ಸುಳ್ಳನೆನ್ನಲು ಈ ಅಂಗಳದಲ್ಲಿ ಒಬ್ಬನಿಗೂ ಆಗುವುದಿಲ್ಲ. ನನ್ನನ್ನು ಆಡಿಕೊಳ್ಳುವವನೇ ಸಾಕ್ಷಿ ಹೇಳಿಯಾಗಿದೆ. ಇಲ್ಲ ಎಂದರೆ ಮೂರು ಊರಿನ ಮೂರು ಪ್ರತಿ, ನಲವತ್ತೊಂದು ಜನ, ನನ್ನ ಕಣ್ಣೊಳಗೆ ಕೂತ ಅರ್ಧ ಸಾಲು, ಎಲ್ಲವನ್ನೂ ಈ ಎಂಬತ್ತು ವರ್ಷದ ಮುದುಕನ ಮಡಿಲಿಗೆ ಸುರಿಯಬೇಕು, ಸುರಿದರೂ ಒಂದೂ ಇಳಿಯುವುದಿಲ್ಲ. ಬಾಯಿ ತೆರೆದೆ. ಪೂಜಾರಿಯ ಕೈ ಮೇಲೆಯೇ ನಿಂತಿತ್ತು. ಪೆಕಾಕ್ ಸ್ವಲ್ಪ ಮುಂದೆ ಬಾಗಿದರು, ಈಚೆಗೆ ಅವರಿಗೆ ಕಿವಿ ಮಂದ.

ಬಾಯಿ ಮುಚ್ಚಿದೆ. ಎದ್ದೆ. ತಾಯಿಯ ಕೈಯಲ್ಲಿ ನನ್ನ ಅಂಗಿಯ ಅಂಚು ಸಿಕ್ಕಿತ್ತು, ನಾನು ಎದ್ದಂತೆ ಅದು ಚರ್ರೆಂದು ಹರಿಯಿತು. ಕೂತವರು ಕಾಲು ಮಡಚಿ ದಾರಿ ಬಿಟ್ಟರು, ಏನೋ ಮರೆತಿದ್ದನ್ನು ತರಲು ಹೋಗುತ್ತಿದ್ದೇನೆ ಎಂದುಕೊಂಡಿರಬೇಕು.

"ನೆಂಗಾ" ಎಂದರು ಪೆಕಾಕ್, ಜೋರಾಗಿ ಅಲ್ಲ.

ಗುಡಿಯ ಬಾಗಿಲಲ್ಲಿ ನಲವತ್ತು ಜೊತೆ ಚಪ್ಪಲಿ ಒಂದರ ಮೇಲೊಂದು ಬಿದ್ದಿದ್ದವು. ನನ್ನವು ಕಾಣಲಿಲ್ಲ. ಹುಡುಕಲಿಲ್ಲ. ಬರಿಗಾಲಲ್ಲೇ ಮೆಟ್ಟಿಲಿಳಿದು ಕಾದ ಡಾಂಬರಿನ ರಸ್ತೆಯಲ್ಲಿ ನಡೆದೆ.